ಹಲ್ಲಿನ ಲ್ಯಾಬ್: ದರಪಟ್ಟಿಯಲ್ಲಿ ಕಾಣದ ಖರ್ಚು

ಡಿಜಿಟಲ್ ಯಂತ್ರ ಬಂದ ಮೇಲೆ ಸಣ್ಣ ಊರಿನ ಹಲ್ಲಿನ ಲ್ಯಾಬ್‌ಗಳಿಗೆ ಕೆಲಸವಿಲ್ಲ; ಹಿಂದೂಪುರ, ಕಲ್ಯಾಣದುರ್ಗದ ದಂತವೈದ್ಯರು ಎಲ್ಲವನ್ನೂ ಬೆಂಗಳೂರಿಗೆ ಕಳಿಸಿದರಾಯಿತು ಎಂಬ ವಾದ ಅರ್ಧ ಸತ್ಯ. ಜಿರ್ಕೋನಿಯಾ ಕ್ಯಾಪ್‌ನ ಮಟ್ಟಿಗೆ ಅದು ಸರಿ. ಕಂಪ್ಯೂಟರ್ ಯಂತ್ರ ಜಿರ್ಕೋನಿಯಾ ಬಿಲ್ಲೆಯನ್ನು ಕಡೆದ ಮೇಲೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸುಡಬೇಕು. ಆಗ ಅದು ಐದನೇ ಒಂದು ಭಾಗದಷ್ಟು ಕುಗ್ಗುವುದರಿಂದ ಮೊದಲೇ ದೊಡ್ಡದಾಗಿ ಕಡೆಯಬೇಕು. ದಿನಕ್ಕೆ ನಾಲ್ಕಾರು ಕ್ಯಾಪ್‌ಗಳಿಗಾಗಿ ಇಂಥ ಯಂತ್ರ ಕೊಳ್ಳುವುದು ಸಾಲಕ್ಕೆ ದಾರಿ.

ಆದರೆ ಈ ವಾದ ರೋಗಿಯ ಬಾಯಿಂದ ತೆಗೆಯುವ ಹಲ್ಲಿನ ಅಚ್ಚನ್ನೇ ಮರೆತಿದೆ. ಸ್ಕ್ಯಾನರ್ ಇಲ್ಲದ ಕ್ಲಿನಿಕ್ ಕಳಿಸುವುದು ಪಾರ್ಸೆಲ್, ಫೈಲ್ ಅಲ್ಲ. ಅಗ್ಗದ ಆಲ್ಜಿನೇಟ್ ಅಚ್ಚು ನೀರಾರಿ ಕುಗ್ಗುತ್ತದೆ. ಅದಕ್ಕೆ ಬೇಗನೆ ಡೆಂಟಲ್ ಸ್ಟೋನ್ ಹುಯ್ಯಬೇಕು. ಹಿಂದೂಪುರದಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ., ನೇರ ರೈಲೂ ಉಂಟು. ಕಲ್ಯಾಣದುರ್ಗ ಇನ್ನೂ ದೂರ. ಅಡಿಷನ್ ಸಿಲಿಕೋನ್ ಅಚ್ಚು ದಿನಗಟ್ಟಲೆ ಅಳತೆ ಕೆಡದೆ ಇರುತ್ತದೆ, ಆದರೆ ಬೆಲೆ ಹೆಚ್ಚು. ಆ ಬೆಲೆ, ಕೊರಿಯರ್, ಕೂರದೆ ವಾಪಸಾದ ಕ್ಯಾಪ್, ರೋಗಿಯ ಕಳೆದುಹೋದ ಕೂಲಿ ಯಾವ ದರಪಟ್ಟಿಯಲ್ಲೂ ಇರುವುದಿಲ್ಲ.

ಪೂರ್ತಿ ಹಲ್ಲುಸೆಟ್ಟಿನ ಲೆಕ್ಕವೇ ಬೇರೆ. ಕಚ್ಚುವ ಅಳತೆ, ಮೇಣದ ಮೇಲೆ ಹಲ್ಲು ಕೂರಿಸಿ ನೋಡುವುದು, ತಿದ್ದುವುದು, ಹೀಗೆ ಸೆಟ್ಟು ಹಲವು ಬಾರಿ ಹೋಗಿ ಬರಬೇಕು. ಬಿರುಕುಬಿಟ್ಟ ಅಕ್ರಿಲಿಕ್ ಸೆಟ್ಟನ್ನು ಅದೇ ದಿನ ಬೆಸೆಯಲು ಹತ್ತಿರದ ಕೈಗಳೇ ಬೇಕು.

ಲ್ಯಾಬ್ ಆರಿಸುವಾಗ ಸುರಕ್ಷತೆಯನ್ನೂ ನೋಡಬೇಕು. ಲೋಹದ ಕ್ಯಾಪ್‌ಗೆ ಬಳಸುವ ಅಗ್ಗದ ನಿಕ್ಕಲ್-ಕ್ರೋಮಿಯಂನಲ್ಲಿ ಬೆರಿಲಿಯಂ ಇರಬಹುದು. ಅದರ ಧೂಳು ಉಜ್ಜುವವನ ಶ್ವಾಸಕೋಶಕ್ಕೆ ವಿಷ. ಲ್ಯಾಬಿನಲ್ಲಿ ದುಡಿಯುವ ಡೆಂಟಲ್ ಮೆಕ್ಯಾನಿಕ್‌ಗಳ ನೋಂದಣಿಗೂ 1948ರ ದಂತವೈದ್ಯರ ಕಾಯ್ದೆ ಅವಕಾಶ ಕೊಟ್ಟಿತು. ಲ್ಯಾಬ್ ಬೆಂಗಳೂರಿನದಿರಲಿ, ಪಕ್ಕದ ಬೀದಿಯದಿರಲಿ, ವೈದ್ಯರು ದರಕ್ಕಿಂತ ಮೊದಲು ಲೋಹದ ಹೆಸರನ್ನೂ ನೋಂದಣಿಯನ್ನೂ ಕೇಳಲಿ.