ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲವೆಂಬುದು ಗಾದೆ. ಆದರೆ ಆಡುಸೋಗೆಯನ್ನು ಆಡು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತಮಿಳಿನ 'ಆಡಾತೋಡೈ' ಎಂಬ ಹೆಸರಿಗೆ ಇದೇ ಅರ್ಥವನ್ನು ಹೇಳುತ್ತಾರೆ. ಸಸ್ಯಶಾಸ್ತ್ರದ 'ಅಧತೋಡ'ವೂ ಅಲ್ಲಿಂದಲೇ ಬಂದುದು. ಮೂಕಪ್ರಾಣಿಯ ಈ ಸಂಶಯವನ್ನು ಮನುಷ್ಯನೂ ಕೊಂಚ ತೋರಿದರೆ ನಷ್ಟವೇನಿಲ್ಲ.

ಕೆಮ್ಮು, ಕಫ, ಉಬ್ಬಸಗಳಿಗೆ ಈ ಎಲೆಯ ಉಪಯೋಗವನ್ನು ಆಯುರ್ವೇದವು ಪ್ರಾಚೀನ ಕಾಲದಿಂದಲೂ ಬಲ್ಲುದು. ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಆಲ್ಕಲಾಯಿಡನ್ನು ಆಧರಿಸಿಯೇ ಬ್ರೋಮ್‌ಹೆಕ್ಸಿನ್ ಎಂಬ ಕಫಹರ ಔಷಧವು ನಿರ್ಮಾಣವಾಯಿತು. ಆದರೆ ಅದೇ ವ್ಯಾಸಿಸಿನ್ ಗರ್ಭಕೋಶವನ್ನು ಸಂಕೋಚಗೊಳಿಸಬಲ್ಲುದೆಂದೂ ಗರ್ಭಪಾತಕ್ಕೆ ಕಾರಣವಾಗಬಲ್ಲುದೆಂದೂ ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ವಿಜ್ಞಾನಿಗಳು 1970ರ ದಶಕದಲ್ಲಿ ಪ್ರಾಣಿಪ್ರಯೋಗಗಳಿಂದ ತೋರಿಸಿಕೊಟ್ಟರು. ಕೆಮ್ಮಿಗೆಂದು ಸೀಸೆ ಕೊಂಡ ಮೂರು ತಿಂಗಳ ಗರ್ಭಿಣಿಗೆ ಇದನ್ನು ಹೇಳುವವರಾರು?

ಊರಿನ ಹಿತ್ತಲಿನಲ್ಲಿ ಗಿಡವಿತ್ತು. ಯಾರಿಗೆ, ಎಷ್ಟು ಎಂದು ನೋಡಿ ಕೊಡುವ ಹಿರಿಯರಿದ್ದರು. ಮುಂಬಯಿ, ದಿಲ್ಲಿಗಳ ಬಹುಮಹಡಿ ಮನೆಗಳಿಗೆ ಹಿತ್ತಲೆಲ್ಲಿಯದು? ಎಲೆಯು ಈಗ ಸಾರವಾಗಿ ಗುಳಿಗೆಯೊಳಗೆ ಸೇರಿದೆ. ನೀರಿನಲ್ಲಿ ಕುದಿಸಿದಾಗ ಇಳಿಯದ ದ್ರವ್ಯಗಳು ಮದ್ಯಸಾರದಲ್ಲಿ ಇಳಿಯಬಹುದು; ಅವುಗಳ ಪ್ರಮಾಣವೂ ಹೆಚ್ಚಬಹುದು. ಕಷಾಯದ ಶತಮಾನಗಳ ಅನುಭವವನ್ನು ಹೊಸ ಸಾರದ ಖಾತೆಗೆ ಜಮಾ ಮಾಡುವುದು ವ್ಯಾಪಾರವಾದೀತೇ ಹೊರತು ವೈದ್ಯವಾಗದು.

ಇಲಿಗಳಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 2,000 ಮಿಲಿಗ್ರಾಂನಷ್ಟು ಸಾರವನ್ನು ಒಮ್ಮೆ ಕೊಟ್ಟು 14 ದಿನ ಗಮನಿಸುವುದು ಒಂದು ರೂಢಿಯ ಪರೀಕ್ಷೆ. ಇಲಿಗಳು ಬದುಕಿದವೆಂದ ಮಾತ್ರಕ್ಕೆ 'ನಿರಪಾಯಕಾರಿ' ಎಂದು ಸಾರುವುದು ಆತುರ. ಅದು ಮೊದಲ ಮೆಟ್ಟಿಲಷ್ಟೆ. ದಿನವೂ ಸೇವಿಸಿದಾಗ ಯಕೃತ್ತು, ಮೂತ್ರಪಿಂಡಗಳಿಗೆ ಆಗುವ ಹಾನಿಯನ್ನರಿಯಲು 90 ದಿನಗಳ ಪರೀಕ್ಷೆ ಬೇಕು. ಭ್ರೂಣದ ವಿಷಯಕ್ಕೆ ಗರ್ಭ ಧರಿಸಿದ ಪ್ರಾಣಿಗಳಲ್ಲಿ ಬೇರೆಯೇ ಪರೀಕ್ಷೆಯಾಗಬೇಕು. ಗಂಡು ಇಲಿಗಳನ್ನಷ್ಟೇ ನೋಡುತ್ತ ಕುಳಿತಿದ್ದರೆ ವ್ಯಾಸಿಸಿನ್‌ನ ಈ ಗುಣ ಎಂದಿಗೂ ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ವೆಚ್ಚವನ್ನು ಸಣ್ಣ ತಯಾರಕರು ಭರಿಸಲಾರರೆಂಬ ಆಕ್ಷೇಪವುಂಟು. ಅದು ನಿಜವೇ. ಆದರೆ ಪರೀಕ್ಷೆಗೆ ಹಣವಿಲ್ಲದವರಿಗೆ 'ಅಡ್ಡಪರಿಣಾಮಗಳಿಲ್ಲ' ಎಂದು ಅಚ್ಚು ಹಾಕಿಸುವ ಅಧಿಕಾರವೂ ಇರಲಾಗದು. ಯಾವ ದ್ರಾವಕದಿಂದ ತೆಗೆದ ಸಾರ, ಎಷ್ಟು ದಿನ ಪರೀಕ್ಷಿಸಲಾಗಿದೆ, ಗರ್ಭಿಣಿಯರಿಗೆ ಸಲ್ಲುವುದೇ ಇಲ್ಲವೇ ಎಂಬ ಮೂರು ಸಂಗತಿಗಳನ್ನು ಸೀಸೆಯ ಮೇಲೆ, ಭೂತಗನ್ನಡಿಯ ನೆರವಿಲ್ಲದೆ ಓದಬಹುದಾದ ಅಕ್ಷರಗಳಲ್ಲಿ, ಮುದ್ರಿಸುವಂತೆ ಸರ್ಕಾರವು ಕಡ್ಡಾಯಗೊಳಿಸಬೇಕು.