ಕಂತಿನ ದಾರಿ ಕಾಯುವವರು

ಸೈಬರ್ ಕಳ್ಳರ ಕೈಗೆ ಸಿಕ್ಕವರ ಬಗ್ಗೆ ಎರಡೇ ಮಾತು ಕೇಳಿಬರುತ್ತವೆ: ಓದುಬರಹ ಬಾರದವರು, ಇಲ್ಲವೇ ಆಸೆಬುರುಕರು. ನವಲಗುಂದ, ಅಣ್ಣಿಗೇರಿ ಸೀಮೆಯ ಹಳ್ಳಿಗಳಿಗೆ ಹಚ್ಚಿ ನೋಡಿದರೆ ಎರಡೂ ಸಾಲವು. ಕಳ್ಳನಿಗೆ ಬೇಕಾದವನು ದಡ್ಡನಲ್ಲ, ರೊಕ್ಕದ ದಾರಿ ಕಾಯುತ್ತ ಕೂತವನು.

ಅಂಥವನನ್ನು ಹುಡುಕುವುದು ಕಷ್ಟವಲ್ಲ. 2019ರಲ್ಲಿ ಶುರುವಾದ ಪಿಎಂ-ಕಿಸಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುತ್ತದೆ. ಫಲಾನುಭವಿಗಳ ಹೆಸರು ಊರುವಾರು ಜಾಲತಾಣದಲ್ಲೇ ಇವೆ. ಸರ್ವೆ ನಂಬರ್ ಕೊಟ್ಟರೆ ಸರ್ಕಾರದ ‘ಭೂಮಿ’ ಜಾಲತಾಣ ಉತಾರ ತೋರಿಸುತ್ತದೆ: ಯಾರ ಹೊಲ, ಎಷ್ಟು ಎಕರೆ, ಯಾವ ಬ್ಯಾಂಕಿನ ಬೋಜಾ. ಇದನ್ನೆಲ್ಲ ಮುಚ್ಚಿಬಿಡಿ ಎನ್ನಲಾರೆ. ತಲಾಠಿಯ ಕೈಬರಹವನ್ನೇ ನಂಬಿ ಅಲೆದ ಕಾಲವೇನೂ ಸುಖದ್ದಾಗಿರಲಿಲ್ಲ.

ಆಮೇಲೆ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿಗೆ ಕಳ್ಳ ಆ್ಯಪ್ ಇಳಿಸುವ ಕಡತ, ಬರುತ್ತದೆ: ನಿಮ್ಮ ಕಂತು ನಿಂತಿದೆ, ಇ-ಕೆವೈಸಿ ಮಾಡಿಕೊಳ್ಳಿ. ಇ-ಕೆವೈಸಿ ಆಗದಿದ್ದರೆ ಕಂತು ನಿಲ್ಲುವುದು ನಿಜವೇ ಇರುವಾಗ ರೈತ ಯಾಕೆ ಅನುಮಾನಪಡಬೇಕು? ಬ್ಯಾಂಕಿನ ಹೆಸರಿನ ಮೋಸವೂ ಹೀಗೆಯೇ. ಧಾರವಾಡದಲ್ಲಿ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ವಿಲೀನಗೊಂಡಿತು. ಇಂಥ ಬದಲಾವಣೆಯ ದಿನಗಳಲ್ಲಿ ‘ಬ್ಯಾಂಕಿನಿಂದ ಮಾತಾಡ್ತೀವಿ’ ಎಂಬ ಫೋನು ಸಹಜವಾಗಿಯೇ ಕೇಳಿಸುತ್ತದೆ.

ಮೈಕ್ರೋಸಾಫ್ಟಿನ ಸಂಶೋಧಕ ಕಾರ್ಮ್ಯಾಕ್ ಹರ್ಲಿ 2012ರಲ್ಲಿ ಒಂದು ಚಂದದ ಪ್ರಶ್ನೆ ಎತ್ತಿದರು: ಇಂಥ ಮೋಸಕ್ಕೆ ನೈಜೀರಿಯಾದ ಹೆಸರು ಕೆಟ್ಟಿದ್ದರೂ ಇ-ಮೇಲ್ ವಂಚಕರು ತಾವು ಅಲ್ಲಿಯವರು ಎಂದೇ ಯಾಕೆ ಹೇಳಿಕೊಳ್ಳುತ್ತಾರೆ? ಅವರ ಉತ್ತರವಿದು: ಪತ್ರ ಕಳಿಸಲು ಖರ್ಚಿಲ್ಲ, ಉತ್ತರಿಸಿದವರ ಬೆನ್ನುಹತ್ತಲು ವೇಳೆ ಬೇಕು. ನಂಬಲಾಗದ ಕಥೆ ಅನುಮಾನದವರನ್ನು ಮೊದಲೇ ಜರಡಿ ಹಿಡಿದುಬಿಡುತ್ತದೆ. ಲಾಟರಿ ಮೋಸಕ್ಕೆ ಇದು ಸರಿ. ಎಪಿಕೆ ಮೋಸಕ್ಕೆ ಒಪ್ಪದು; ಅಲ್ಲಿ ಮಾತಿನ ಖರ್ಚೇ ಇಲ್ಲ, ಆದ್ದರಿಂದ ಆದಷ್ಟು ನಂಬುವಂಥ ಸುಳ್ಳೇ ಲಾಭ.

ಇನ್ನು ಏನೂ ಮಾಡದೆಯೂ ರೊಕ್ಕ ಕಳಕೊಂಡವರಿದ್ದಾರೆ. 2023ರಲ್ಲಿ ರಾಜ್ಯದಲ್ಲಿ ಬಯಲಾದ ಪ್ರಕರಣಗಳಲ್ಲಿ, ಆಸ್ತಿ ನೋಂದಣಿಯ ‘ಕಾವೇರಿ’ ಜಾಲತಾಣದ ಪತ್ರಗಳಿಂದ ಕಳ್ಳರು ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಎತ್ತಿ ಖಾತೆಯ ಹಣ ತೆಗೆದಿದ್ದರು. ಹಣ ಕಳಕೊಂಡವರು ಒಟಿಪಿ ಹೇಳಿರಲಿಲ್ಲ. ಆಸ್ತಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ.

ಕಳ್ಳರು ಯಾರನ್ನು ಗುರಿ ಮಾಡುತ್ತಾರೆಂದು ಅರಿಯಲು ದೂರುಗಳನ್ನಷ್ಟೇ ಎಣಿಸಿದರೆ ದಾರಿ ತಪ್ಪುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬಹುದು, ನಿಜ. ಆದರೆ ಐಟಿ ಕಾಯ್ದೆಯ 78ನೇ ಕಲಮಿನಂತೆ ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಿಗೆ ಸಲ್ಲದು. ಎರಡು ಸಾವಿರ ಕಳಕೊಂಡ ಕಲಘಟಗಿಯ ಕೂಲಿಯವಳು ಒಂದು ದಿನದ ಪಗಾರ ಬಿಟ್ಟು ಠಾಣೆಗೆ ಅಲೆದಾಳೇ? ಇಂಥವರು ದೂರಿನ ಲೆಕ್ಕಕ್ಕೇ ಸಿಗುವುದಿಲ್ಲ. ಕೇಳಬೇಕಾದ್ದು ಅದೇ ಸಂದೇಶ ಬಂದರೂ ಒತ್ತದೆ ಬಿಟ್ಟ ಪಕ್ಕದ ಮನೆಯವರನ್ನು. ಅವರ ಕಂತು ಆಗಲೇ ಜಮಾ ಆಗಿತ್ತೇ, ಕೇಳಿ ತಿಳಿಯಲು ಮನೆಯಲ್ಲಿ ಮಗಳಿದ್ದಳೇ, ಇಲ್ಲಾ ಫೋನಿನ ಡೇಟಾ ಮುಗಿದಿತ್ತೇ?