ಎಡಿಟಿಂಗ್ ಮೇಜಿಗೆ ಯಾವ ಕೀಬೋರ್ಡು?
ಮದುವೆ ಸೀಸನ್ ಶುರುವಾದರೆ ಕಾಕತಿಯಲ್ಲಾಗಲಿ, ಪಕ್ಕದ ಬೆಳಗಾವಿಯಲ್ಲಾಗಲಿ ವಿಡಿಯೊ ಎಡಿಟ್ ಮಾಡುವ ಹುಡುಗರಿಗೆ ರಾತ್ರಿ ನಿದ್ದೆಯಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಕೈಬಿಚ್ಚಿ ಖರ್ಚು ಮಾಡುವವರೂ ಕೀಬೋರ್ಡಿನ ಹೊತ್ತಿಗೆ ಕೈ ಬಿಗಿಹಿಡಿಯುತ್ತಾರೆ. ಅದು ಸರಿಯಲ್ಲ, ದಿನವಿಡೀ ಬೆರಳು ದುಡಿಯುವುದು ಅದರ ಮೇಲೆಯೇ. ಜೆ ಒತ್ತಿದರೆ ದೃಶ್ಯ ಹಿಂದಕ್ಕೆ, ಎಲ್ ಒತ್ತಿದರೆ ಮುಂದಕ್ಕೆ, ಕೆ ಒತ್ತಿದರೆ ನಿಲುಗಡೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮೆಂದರೆ ಬರೀ 40 ಮಿಲಿಸೆಕೆಂಡು. ಅಕ್ಷತೆ ಬಿದ್ದ ಕ್ಷಣಕ್ಕೆ ಸರಿಯಾಗಿ ಕಟ್ ಹಾಕುವಾಗ ಕೀ ತಾಗಿತೋ ಇಲ್ಲವೋ ಬೆರಳಿಗೇ ತಿಳಿಯಬೇಕು. ಅದಕ್ಕೆ ಮೆಕ್ಯಾನಿಕಲ್ ಕೀಬೋರ್ಡೇ ಬೇಕು, ಅದರ ಪ್ರತಿ ಕೀಯ ಅಡಿಯಲ್ಲೂ ಒಂದು ಸ್ವಿಚ್ ಇರುತ್ತದೆ. ಈ ಸ್ವಿಚ್ಚುಗಳಿಗೆ ಚೆರ್ರಿ ಕಂಪನಿ ರೂಢಿಗೆ ತಂದ ಬಣ್ಣಗಳಲ್ಲಿ ಕೆಂಪು ಸ್ವಿಚ್ ನಯವಾಗಿ ಇಳಿಯುತ್ತದೆ. 4 ಮಿಲಿಮೀಟರಿನ ಹಾದಿಯಲ್ಲಿ 2ಕ್ಕೇ ಕೆಲಸ ಮುಗಿಸುತ್ತದೆ. ಆದರೆ ಬೆರಳು ಸುಮ್ಮನೆ ಭಾರ ಬಿಟ್ಟರೂ ತಪ್ಪು ಕಟ್ ಬಿದ್ದೀತು. ನೀಲಿಯದು ಪ್ರತಿ ಒತ್ತಿಗೂ ಟಕ್ ಎನ್ನುತ್ತದೆ. ಮಕ್ಕಳು ಮಲಗಿದ ಮನೆಗೂ, ಧ್ವನಿ ಮುದ್ರಿಸುವ ಮೈಕಿಗೂ ಅದು ಒಗ್ಗದು. ಕಂದು ಬಣ್ಣದ್ದು ನಡುದಾರಿ: ಒತ್ತುವಾಗ ಸಣ್ಣ ಉಬ್ಬೊಂದು ಬೆರಳಿಗೆ ತಿಳಿಯುತ್ತದೆ, ಆ ಟಕ್ ಸದ್ದಿಲ್ಲ. ವಧೂವರರ ಹೆಸರನ್ನು ‘ನುಡಿ’ ತಂತ್ರಾಂಶದಲ್ಲಿ ಕನ್ನಡದಲ್ಲಿ ಟೈಪಿಸುವಾಗ, ಒತ್ತಕ್ಷರಕ್ಕೆ ಬೆನ್ನುಬೆನ್ನಿಗೆ ಕೀ ಒತ್ತಬೇಕಾದಲ್ಲಿಯೂ ಆ ಉಬ್ಬು ನೆರವಾಗುತ್ತದೆ. ಹಾಗಾಗಿ ನನ್ನ ಓಟು ಕಂದು ಸ್ವಿಚ್ಚಿಗೆ. ಅದರಲ್ಲೂ ಸ್ವಿಚ್ ಕಿತ್ತು ಹಾಕಬಹುದಾದ ಹಾಟ್‌ಸ್ವಾಪ್ ಬೋರ್ಡೇ ಕೊಳ್ಳಿ: ಒಂದು ಸ್ವಿಚ್ ಕೆಟ್ಟರೆ ಬೆಸುಗೆಯ ಹಂಗಿಲ್ಲದೆ ಅದೊಂದನ್ನೇ ಬದಲಿಸಿ, ಮರುದಿನದ ಡೆಲಿವರಿ ಮಾತು ಉಳಿಸಿಕೊಳ್ಳಬಹುದು.